ಕಿಟಕಿಯಾಚೆಯ ಕಂಬ

ಚಿತ್ರಪ್ರದರ್ಶನಕ್ಕೆ ಬರುವವರು ಚಿತ್ರ ನೋಡುವುದಕ್ಕೆ ಬರುವುದಿಲ್ಲ ಎಂಬುದು ದೊಡ್ಡಕ್ಕನಿಗೆ ಹತ್ತೇ ನಿಮಿಷದಲ್ಲಿ ಗೊತ್ತಾಯಿತು. ಬಂದವರು ಮೊದಲು ಒಬ್ಬರನ್ನೊಬ್ಬರು ನೋಡಿದರು, ಆಮೇಲೆ ಬಿಸ್ಕತ್ತಿನ ತಟ್ಟೆ ಎಲ್ಲಿದೆ ಎಂದು ನೋಡಿದರು, ಕೊನೆಗೆ ಕೈಯಲ್ಲಿ ಲೋಟ ಹಿಡಿದು, ಗೋಡೆಗೆ ಬೆನ್ನು ಮಾಡಿ ನಿಂತು, ಚಿತ್ರಗಳ ಬಗ್ಗೆ ಮಾತಾಡಿದರು. ಒಬ್ಬಾಕೆ ಕಣ್ಣು ಮುಚ್ಚಿಕೊಂಡು "ಎಂಥಾ ಮೌನ, ಎಂಥಾ ಮೌನ" ಎನ್ನುತ್ತಿದ್ದಳು. ಅವಳ ದನಿ ಬೀದಿಯವರೆಗೆ ಕೇಳುತ್ತಿತ್ತು. ದೊಡ್ಡಕ್ಕ ಇಪ್ಪತ್ತಾರು ವರ್ಷ ಆಸ್ಪತ್ರೆಯ ವಾರ್ಡುಗಳಲ್ಲಿ ನರ್ಸಾಗಿ ದುಡಿದವಳು. ಕೀವು, ವಾಂತಿ, ಕೊಳೆತ ಗಾಯ ಯಾವುದಕ್ಕೂ ಅವಳ ಹೊಟ್ಟೆ ತೊಳಸಿದ್ದಿಲ್ಲ. ಇಲ್ಲಿ, ಈ ಬೆಳ್ಳನೆಯ ಗೋಡೆಗಳ ನಡುವೆ, ಶನಿವಾರ ಬೆಳಗಿನ ಹನ್ನೊಂದು ಗಂಟೆಗೆ, ಸಣ್ಣಗೆ ತೊಳಸತೊಡಗಿತು.

ಆದರೂ ಬಂದಿದ್ದಳು. ಬೀರುವಿನ ತಳದಲ್ಲಿದ್ದ ಒಳ್ಳೆಯ ಬಟ್ಟೆಯನ್ನು ಮನೆಯಲ್ಲಿದ್ದ ಟೈಲರಮ್ಮನ ಕೈಲಿ ಇಸ್ತ್ರಿ ಮಾಡಿಸಿ ಉಟ್ಟುಕೊಂಡು, ಎರಡು ಬಸ್ಸು ಬದಲಿಸಿ ಬಂದಿದ್ದಳು. ಬಾರದೆ ಇರುವುದು ಹೇಗೆ? ಗೋಡೆಯ ಮೇಲಿದ್ದ ಹನ್ನೊಂದು ಚಿತ್ರಗಳಲ್ಲಿ ಏಳು ಅವಳ ಮನೆಯವು.

ಅವಳ ಮನೆ ಎಂದರೆ ಅವಳು ಕಟ್ಟಿಸಿದ್ದಲ್ಲ. ಗಂಡನ, ಅಣ್ಣನ, ಅಪ್ಪನ ಹೊಡೆತ ತಪ್ಪಿಸಿಕೊಂಡು ಓಡಿಬಂದ ಹೆಂಗಸರಿಗಾಗಿ ಒಂದು ಟ್ರಸ್ಟು ನಡೆಸುವ ಮನೆ ಅದು. ಅದರ ಉಸ್ತುವಾರಿ ದೊಡ್ಡಕ್ಕನದು. ಗೇಟಿಗೆ ಬೋರ್ಡಿಲ್ಲ. ಅಕ್ಕಪಕ್ಕದವರು ಅದನ್ನು ಕೆಲಸಕ್ಕೆ ಹೋಗುವ ಹೆಂಗಸರ ಹಾಸ್ಟೆಲ್ಲು ಎಂದುಕೊಂಡಿದ್ದರು. ಅವರು ಹಾಗೆ ಅಂದುಕೊಂಡೇ ಇರಲಿ ಎಂದು ದೊಡ್ಡಕ್ಕ ಹನ್ನೊಂದು ವರ್ಷದಿಂದ ಕಣ್ಣಲ್ಲಿ ಕಣ್ಣಿಟ್ಟು ಕಾದಿದ್ದಳು. ಒಗೆದ ಬಟ್ಟೆ ತಾರಸಿಗೆ ಹೋಗುವ ಹಾಗಿಲ್ಲ, ಒಳಗೇ ಒಣಗಬೇಕು. ಬ್ರೆಡ್ಡು ಬೇಕಿದ್ದರೂ ಎರಡು ಬೀದಿ ಆಚೆಯ ಅಂಗಡಿಯಿಂದಲೇ ತರಬೇಕು. ಯಾರಿಗೂ ಆ ವಿಳಾಸಕ್ಕೆ ಕಾಗದ ಬರಕೂಡದು. ಹೊಸದಾಗಿ ಬಂದವಳನ್ನು ಕಾರಿನಲ್ಲಿ ಕೂರಿಸಿ ಊರೆಲ್ಲ ಸುತ್ತಿಸಿ ಕರೆತರುತ್ತಿದ್ದರು, ತಾನೆಲ್ಲಿದ್ದೇನೆ ಎಂಬುದು ಒಂದು ವಾರ ಅವಳಿಗೇ ತಿಳಿಯಬಾರದು ಎಂದು.

ಇಂಥ ಮನೆಯೊಳಗೆ ಒಬ್ಬ ಚಿತ್ರಗಾರ್ತಿಯ ಕುಂಚ ಹೊಕ್ಕದ್ದು ಹೇಗೆಂದರೆ, ಹೊಗಳಿಕೆಯ ಬಾಗಿಲಿನಿಂದ. ಮನೆಯ ಹೆಂಗಸರು ಅವಳನ್ನು ಬಣ್ಣದ ಮೇಡಂ ಎಂದು ಕರೆಯುತ್ತಿದ್ದರು. ಟ್ರಸ್ಟಿನವರೇ ಕಳಿಸಿದ್ದರು, ಬುಧವಾರ ಬುಧವಾರ ಬಂದು ಹೆಂಗಸರಿಗೆ ಚಿತ್ರ ಬರೆಯುವುದನ್ನು ಕಲಿಸುತ್ತಿದ್ದಳು. ಒಳ್ಳೆಯವಳೇ. ಯಾರನ್ನೂ ಏನನ್ನೂ ಕೆದಕಿ ಕೇಳುತ್ತಿರಲಿಲ್ಲ. ಅವಳು ತಾನು ಬರೆಯುತ್ತಿದ್ದದ್ದು ಬೆಟ್ಟ, ಬಯಲು, ಖಾಲಿ ಕೋಣೆ, ಬರಿದಾದ ಕುರ್ಚಿ. "ಮನುಷ್ಯ ಎಲ್ಲಿ ಹೋಗಿ ಉಸಿರು ಬಿಡ್ತಾನೆ, ಅದನ್ನ ಹುಡುಕ್ತೀನಿ" ಎನ್ನುತ್ತಿದ್ದಳು. ಒಂದು ಬುಧವಾರ ಮೆಟ್ಟಿಲ ಮೇಲೆ ನಿಂತು, "ದೊಡ್ಡಕ್ಕ, ನಿಮ್ಮ ಮನೆ ಒಳಗೆ ಬೆಳಕು ಬರೋ ರೀತಿ ಇದೆಯಲ್ಲ, ನಾನು ಬೇರೆಲ್ಲೂ ನೋಡಿಲ್ಲ" ಎಂದಳು.

ಅಷ್ಟೇ, ದೊಡ್ಡಕ್ಕ ಕರಗಿಹೋದಳು. ಹನ್ನೊಂದು ವರ್ಷದಲ್ಲಿ ಆ ಮನೆಯ ಬಗ್ಗೆ ಅವಳ ಕಿವಿಗೆ ಬಿದ್ದ ಮಾತೆಂದರೆ ಬಚ್ಚಲು ಕಟ್ಟಿಕೊಂಡಿದೆ, ಸೂರು ಸೋರುತ್ತಿದೆ, ತಿಗಣೆ ಬಿದ್ದಿದೆ ಎಂಬುದೇ. ಬೆಳಕು ಎಂದವರು ಒಬ್ಬರೂ ಇರಲಿಲ್ಲ. ಅವತ್ತು ಸಂಜೆ ದೊಡ್ಡಕ್ಕ ಕೋಣೆಯಿಂದ ಕೋಣೆಗೆ ಹೋಗಿ ಬೆಳಕನ್ನು ನೋಡಿ ಬಂದಳು, ಅದಕ್ಕೂ ಮೊದಲು ಅದು ಅಲ್ಲಿ ಇರಲೇ ಇಲ್ಲವೇನೋ ಎಂಬ ಹಾಗೆ.

ಮನೆಯ ಕೋಣೆಗಳ ಚಿತ್ರ ಬರೆಯಲು ಅವಳಿಗೆ ಒಪ್ಪಿಗೆ ಕೊಡುವಾಗ ಮಾತ್ರ ಕಟ್ಟುನಿಟ್ಟು ಬಿಡಲಿಲ್ಲ. ಮನುಷ್ಯರು ಇರಕೂಡದು. ಮುಖ ಹಾಗಿರಲಿ, ಜಡೆಯ ತುದಿ ಕೂಡ ಕಾಣಿಸಕೂಡದು. ಹೆಸರು ಬರೆದದ್ದೇನೂ ಬರಕೂಡದು. ಬಣ್ಣದ ಮೇಡಂ ಎಲ್ಲಕ್ಕೂ ತಲೆಯಾಡಿಸಿದಳು. ಏಳೂ ಚಿತ್ರ ಮುಗಿದ ಮೇಲೆ ಊಟದ ಮನೆಯ ಗೋಡೆಗೆ ಸಾಲಾಗಿ ಒರಗಿಸಿದರು. ದೊಡ್ಡಕ್ಕ ಕನ್ನಡಕ ಒರೆಸಿಕೊಂಡು, ಮಂಡಿಯೂರಿ ಕೂತು, ಒಂದೊಂದನ್ನೂ ಪರೀಕ್ಷೆ ಮಾಡಿದಳು. ಒಂದರಲ್ಲಿ ಮಾತ್ರೆಯ ಡಬ್ಬಿಯ ಮೇಲೆ ಚೀಟಿ ಇತ್ತು, ಅಳಿಸಿ ಎಂದಳು. ಇನ್ನೊಂದರಲ್ಲಿ ದಿಂಬಿನ ಮೂಲೆಗೆ ಕಸೂತಿಯಲ್ಲಿ ಎರಡು ಅಕ್ಷರ ಇತ್ತು, ಅದನ್ನೂ ತೆಗೆಸಿದಳು. ಪೊಲೀಸರಿಗೂ ಇಷ್ಟು ಸೂಕ್ಷ್ಮ ಇರುವುದಿಲ್ಲ ಎಂದು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡಳು. ಆಮೇಲೆ ಪ್ರತಿ ಚಿತ್ರದ ಬೆನ್ನಿಗೂ ಪೆನ್ನಿನಲ್ಲಿ 'ನೋಡಿದ್ದೇನೆ, ಅಡ್ಡಿಯಿಲ್ಲ' ಎಂದು ಬರೆದು ಸಹಿ ಹಾಕಿದಳು.

ಈಗ ಆ ಚಿತ್ರಗಳೇ ಗ್ಯಾಲರಿಯ ದೀಪದ ಕೆಳಗೆ ದೊಡ್ಡಸ್ತಿಕೆಯಿಂದ ನೇತಾಡುತ್ತಿದ್ದವು. ನಡುವಿನದು ಎಲ್ಲಕ್ಕಿಂತ ದೊಡ್ಡದು, ಮನೆಗೆ ಓಡಿಬಂದವರಲ್ಲೊಬ್ಬಳಾದ ಟೈಲರಮ್ಮನ ಕೋಣೆ. ಆಹ್ವಾನದ ಕಾರ್ಡಿನ ಮೇಲೂ ಪೋಸ್ಟರಿನ ಮೇಲೂ ಅಚ್ಚಾದದ್ದು ಅದೇ. ಗೋಡೆಗೆ ತಾಗಿದ ಹೊಲಿಗೆಯಂತ್ರ, ಮಡಿಸಿಟ್ಟ ಹೊದಿಕೆ, ಕಿಟಕಿಯ ಪಕ್ಕ ಮಂಚ. ಕಿಟಕಿ ತೆರೆದಿತ್ತು. ಅದರಾಚೆ ಒಂದು ಮಗ್ಗುಲನ್ನು ಕಲ್ಲಿಗಾಗಿ ಕಡಿದು ತೆಗೆದ ಗುಡ್ಡ, ಬೆಳಗಿನ ತಿಳಿಬಿಸಿಲು.

ದೊಡ್ಡಕ್ಕ ಅದರ ಮುಂದೆ ಬಂದು ನಿಂತಳು. ಆ ಮಂಚ ಕಿಟಕಿಯ ಪಕ್ಕಕ್ಕೆ ಬಂದದ್ದು ಸುಮ್ಮನೆ ಅಲ್ಲ. ಟೈಲರಮ್ಮ ಬಂದ ಮೊದಲ ಐದು ತಿಂಗಳು ಮಂಚದ ಮೇಲೆ ಮಲಗಲೇ ಇಲ್ಲ, ಬಾಗಿಲಿಗೆ ಬೆನ್ನು ಕೊಟ್ಟು ಕೂತೇ ನಿದ್ದೆ ಮಾಡಿದಳು. ಗಂಡ ಕರೆಂಟಿನ ಕಂಪನಿಯಲ್ಲಿ ಲೈನ್‌ಮನ್. ತಂಗಿಯ ಮನೆಗೆ ಓಡಿಹೋದಾಗ ಮೂರನೇ ದಿನಕ್ಕೆ ಹುಡುಕಿದ್ದ, ಊರಿನ ಇನ್ನೊಂದು ತುದಿಯಲ್ಲಿ ಬಾಡಿಗೆಗೆ ಹಿಡಿದ ಕೋಣೆಯನ್ನೂ ಹುಡುಕಿದ್ದ. ಆ ಸಲ ಅವಳ ಎಡಗೈಯ ಎರಡು ಬೆರಳು ಮುರಿದಿದ್ದ. "ಊರಿನ ಕಂಬಗಳೆಲ್ಲ ಅವನಿಗೆ ನೆಂಟರು ಅಕ್ಕಾ, ಎಲ್ಲಿ ಹೋದ್ರೂ ಸುದ್ದಿ ಕೊಡ್ತವೆ" ಎಂದು ಟೈಲರಮ್ಮ ಒಮ್ಮೆ ನಗೆಚಾಟಿಕೆ ಮಾಡಿದ್ದಳು. ಅಂಥವಳು ಒಂದು ದಿನ ಮಂಚವನ್ನು ತಾನೇ ಎಳೆದು ಕಿಟಕಿಯ ಕೆಳಗೆ ಹಾಕಿಕೊಂಡು, ಪರದೆ ಸರಿಸಿ, ಬಿಸಿಲು ಮೈಮೇಲೆ ಬೀಳುವ ತನಕ ಮಲಗಿದ್ದಳು. ದೊಡ್ಡಕ್ಕ ಬಾಗಿಲಲ್ಲಿ ನಿಂತು ಅದನ್ನು ನೋಡಿ, ಸದ್ದು ಮಾಡದೆ ಕೆಳಗಿಳಿದು, ಅಡುಗೆಮನೆಯಲ್ಲಿ ಅತ್ತಿದ್ದಳು. ಈ ಚಿತ್ರದಲ್ಲಿ ಆ ಬೆಳಗು ಹಾಗೇ ಇತ್ತು.

"ಅರೆ! ಇದು ನಮ್ಮ ಗಿರಣಿ ಚಿಮಣಿ ಅಲ್ವಾ?"

ಮಾತಾಡಿದವನು ಒಬ್ಬ ಮುದುಕ. ಮೂವತ್ತು ವರ್ಷ ನೂಲಿನ ಗಿರಣಿಯಲ್ಲಿ ಮೇಸ್ತ್ರಿಯಾಗಿದ್ದೆ ಎಂದು ಬಾಗಿಲಲ್ಲೇ ಎಲ್ಲರಿಗೂ ಹೇಳಿಕೊಂಡು ಬಂದಿದ್ದ. ಅವನೊಬ್ಬನೇ ನಿಜವಾಗಿ ಚಿತ್ರ ನೋಡುತ್ತಿದ್ದವನು. ಗುಡ್ಡದ ಬಲಕ್ಕೆ ಬೆರಳಿನಷ್ಟು ಎತ್ತರಕ್ಕೆ ನಿಂತಿದ್ದ ಚಿಮಣಿಯನ್ನು ತೋರಿಸುತ್ತ ಹಿಗ್ಗಿ ಹೀರೇಕಾಯಿಯಾದ. "ಮೇಲಿನ ಎರಡು ಸಾಲು ಇಟ್ಟಿಗೆ ಉದುರಿರೋದೂ ಬರೆದಿದ್ದಾರೆ ನೋಡಿ! ಚಿಮಣಿ ಬಲಗಡೆ, ಕಲ್ಲುಕ್ವಾರಿ ಎಡಗಡೆ. ಹಾಗಾದ್ರೆ ಈ ಮನೆ ಗಿರಣಿ ಹಿಂದಿನ ಇಳಿಜಾರಲ್ಲೇ ಇರ್ಬೇಕು."

"ಕೆಳಗಿನ ಬೀದಿಯೋ ಮೇಲಿನ ಬೀದಿಯೋ?" ಎಂದಿತು ಇನ್ನೊಂದು ದನಿ.

"ಮೇಲಿಂದೇ. ಕೆಳಗಿನ ಬೀದಿಗೆ ಕ್ವಾರಿ ಕಾಣೋದಿಲ್ಲ."

"ಕರೆಂಟ್ ಕಂಬದ ನಂಬರೂ ಇದೆ ರೀ!" ಎಂದಳು ಮೌನದ ಹೆಂಗಸು, ಕಣ್ಣು ತೆರೆದು. ಎಲ್ಲರೂ ಮೊದಲ ಸಲ ಗೋಡೆಯ ಕಡೆಗೆ ತಿರುಗಿದರು. ಮಕ್ಕಳ ಪತ್ರಿಕೆಯ ಒಗಟು ಬಿಡಿಸುವವರ ಹಾಗೆ ತಲೆಗಳು ಒಟ್ಟಿಗೆ ಬಂದವು. ನಗೆ ಬೇರೆ.

ದೊಡ್ಡಕ್ಕ ತಲೆಗಳ ನಡುವೆ ನುಗ್ಗಿದಳು. ಕನ್ನಡಕ ಸರಿಮಾಡಿಕೊಂಡು ಮುಂದೆ ಬಗ್ಗಿದಳು. ಕಿಟಕಿಯ ಸರಳಿನಾಚೆ, ಮನೆಯ ಗೋಡೆಗೆ ಆತುಕೊಂಡೇ ನಿಂತಿದ್ದ ಕಂಬ ಅದು. ಹಳದಿ ಪಟ್ಟಿ, ಪಟ್ಟಿಯ ಮೇಲೆ ಕಪ್ಪು ಅಂಕಿ, ಒಂದೊಂದನ್ನೂ ಕೂದಲೆಳೆಯ ಕುಂಚದಲ್ಲಿ ತಿದ್ದಿ ಬರೆದದ್ದು. ಹನ್ನೊಂದು ವರ್ಷ ದಿನ ಬೆಳಗಾದರೆ ಆ ಕಂಬವನ್ನು ನೋಡಿದ್ದಳು, ಹಾಗಾಗಿ ಅದು ಅವಳಿಗೆ ಕಂಡೇ ಇರಲಿಲ್ಲ. ಹೊರಗಿನವರು ಒಳಗೆ ನುಗ್ಗದಂತೆ ಕಾಯುವುದು ಅವಳಿಗೆ ಗೊತ್ತಿತ್ತು. ಒಳಗಿನ ಕೋಣೆಯನ್ನು ಕಿಟಕಿಯ ಹೊರಗಿನದು ಬಿಟ್ಟುಕೊಡಬಹುದು ಎಂಬುದು ಅವಳ ತಲೆಗೆ ಹೊಳೆದಿರಲೇ ಇಲ್ಲ.

ಬಣ್ಣದ ಮೇಡಂ ಯಾರಿಗೋ ಏನೋ ವಿವರಿಸುತ್ತಿದ್ದಳು. ದೊಡ್ಡಕ್ಕ ಅವಳ ರಟ್ಟೆ ಹಿಡಿದು, ಹಿಂದಿನ ಸಾಮಾನು ಕೋಣೆಗೆ ಎಳೆದುಕೊಂಡು ಹೋದಳು. ಅಲ್ಲಿ ಖಾಲಿ ಚೌಕಟ್ಟು, ರಟ್ಟಿನ ಡಬ್ಬಿಗಳು ತುಂಬಿದ್ದವು.

"ಆ ಕಂಬದ ನಂಬರ್ ಯಾಕೆ ಬರೆದ್ರಿ?"

"ಯಾವ ಕಂಬ?" ಎಂದ ಚಿತ್ರಗಾರ್ತಿ ತಕ್ಷಣ ಅರ್ಥವಾಗಿ ಬೆಳ್ಳಗಾದಳು. "ಅಯ್ಯೋ. ದೊಡ್ಡಕ್ಕ, ನಾನು ಕಂಡದ್ದನ್ನ ಬಿಡೋದಿಲ್ಲ. ಅದು ನನ್ನ ಅಭ್ಯಾಸ. ಬಿಟ್ರೆ ಚಿತ್ರ ಸುಳ್ಳಾಗುತ್ತೆ."

"ಮಂಚದ ಮೇಲಿದ್ದ ಹೆಂಗಸನ್ನ ಬಿಟ್ರಲ್ಲ? ಆಗ ಸುಳ್ಳಾಗ್ಲಿಲ್ವಾ?"

"ಅದು ನೀವೇ ಬಿಡಿ ಅಂದಿದ್ದು!"

ಅದು ನಿಜವೇ ಆಗಿತ್ತು, ಅದಕ್ಕೇ ದೊಡ್ಡಕ್ಕನ ಮೈ ಇನ್ನಷ್ಟು ಉರಿಯಿತು. "ಅವಳ ಗಂಡ ಲೈನ್‌ಮನ್ ಕಣ್ರೀ. ನಿಮ್ಮ ಬೆಳಕಿಗಿಷ್ಟು ಬೆಂಕಿ ಹಾಕ! ಈಗಿಂದೀಗ್ಲೇ ಆ ಚಿತ್ರ ಇಳಿಸಿ."

ಚಿತ್ರಗಾರ್ತಿ ಅಳತೊಡಗಿದಳು. ನನಗೆ ಗೊತ್ತಿರಲಿಲ್ಲ, ಅವಳು ಹೇಳಿರಲಿಲ್ಲ, ಈಗಲೇ ಅಳಿಸುತ್ತೇನೆ, ಬಣ್ಣ ಕಾರಿನಲ್ಲಿದೆ ಎಂದಳು. ಅಷ್ಟರಲ್ಲಿ ಗ್ಯಾಲರಿಯ ಯಜಮಾನ ಬಂದ. ಹತ್ತಿಯ ಕೋಟು, ನುಣ್ಣನೆಯ ಗಡ್ಡ, ಯಾರ ಮಾತನ್ನಾದರೂ ಅರ್ಧಕ್ಕೇ ಅರ್ಥಮಾಡಿಕೊಂಡುಬಿಡುವ ಮುಖ. ವಿಷಯ ಕೇಳಿ ಅವನು ಗಾಬರಿಯಾಗಲಿಲ್ಲ.

"ಅಳಿಸೋದು ಬೇಡ. ಆ ಚಿತ್ರವನ್ನ ಆಗ್ಲೇ ಒಬ್ರು ತಗೊಂಡಿದ್ದಾರೆ. ಅಲ್ದೆ ಇಲ್ಲಿ ಅಳಿಸಿ ಏನು ಪ್ರಯೋಜನ ಹೇಳಿ? ಪೋಸ್ಟರ್ ಹೋಗಿ ನಾಲ್ಕು ದಿನ ಆಯ್ತು. ಪ್ರಚಾರದಲ್ಲಿ ನಾವು ಕೈ ಬಿಗಿ ಹಿಡಿಯೋದಿಲ್ಲಮ್ಮಾ, ಊರಲ್ಲಿ ಒಂದು ಕಂಬವನ್ನೂ ಬಿಟ್ಟಿಲ್ಲ."

"ಕಂಬಕ್ಕೆ ಅಂಟಿಸಿದ್ದೀರಾ?"

"ಮತ್ತೆ? ಜನ ತಲೆ ಎತ್ತಿ ನೋಡೋದು ಅಲ್ಲೇ ಅಲ್ವಾ."

ಕಂಬಕ್ಕೆ ಅಂಟಿಸಿದ ಪೋಸ್ಟರನ್ನು ಕೆರೆದು ತೆಗೆಯುವ ಕೆಲಸ ಯಾರದು ಎಂಬುದು ದೊಡ್ಡಕ್ಕನಿಗೆ ಗೊತ್ತಿತ್ತು. ಟೈಲರಮ್ಮನೇ ಹೇಳಿದ್ದಳು. ಕಂಬ ಹತ್ತುವ ಮುಂಚೆ ಅಂಟು ಕೆರೆಯಬೇಕಾಗಿ ಬಂದ ದಿನ ಗಂಡನ ಕೋಪ ಮನೆಗೂ ಬರುತ್ತಿತ್ತಂತೆ.

ಯಜಮಾನ ಗಡ್ಡ ನೀವಿಕೊಂಡು ಇನ್ನೂ ಒಂದು ಮಾತು ಸೇರಿಸಿದ. "ನಿಜ ಹೇಳಬೇಕಂದ್ರೆ, ಇದರಿಂದ ಚಿತ್ರಕ್ಕೆ ಇನ್ನೂ ತೂಕ ಬರುತ್ತೆ. ಆಸರೆ ಅನ್ನೋದು ಎಷ್ಟು ನಾಜೂಕು ಅಂತ. ನೀವು ಒಪ್ಪಿದ್ರೆ ಗೋಡೆ ಮೇಲಿನ ಟಿಪ್ಪಣಿಗೆ ಎರಡು ಸಾಲು ಸೇರಿಸ್ಬಹುದು. ಹೆಸರೇನೂ ಬೇಡ."

ದೊಡ್ಡಕ್ಕನಿಗೆ ವಾಕರಿಕೆ ಬಂತು. ಮಾತಿಗೆ ಹೇಳುವುದಲ್ಲ, ನಿಜವಾಗಿ ಬಂತು. ಬಾಯಿಗೆ ಕೈ ಅಡ್ಡ ಹಿಡಿದು ಗ್ಯಾಲರಿಯ ಬಚ್ಚಲಿಗೆ ಓಡಿ ಬೆಳಗಿನ ಚಹಾವನ್ನೆಲ್ಲ ಕಕ್ಕಿದಳು. ಮುಖ ತೊಳೆದು ತಲೆಯೆತ್ತಿದರೆ ಅಲ್ಲೂ ಒಂದು ಪುಟ್ಟ ಚಿತ್ರ, ಅದರಲ್ಲೂ ಒಂದು ಹಸಿರು ಗುಡ್ಡ. ಥೂ ಎಂದಳು. ಕಕ್ಕುವುದಕ್ಕೆ ಕೂಡ ಇವರು ಒಂದು ನೋಟ ಒದಗಿಸಿದ್ದರು.

ಹೊರಗೆ ಬಂದು, ಯಾರ ಅಪ್ಪಣೆಗೂ ಕಾಯದೆ, ದೊಡ್ಡ ಚಿತ್ರವನ್ನು ಎರಡೂ ಕೈಯಿಂದ ಎತ್ತಿ ಕೊಕ್ಕೆಯಿಂದ ಬಿಡಿಸಿದಳು. ರೋಗಿಗಳನ್ನು ಎತ್ತಿ ಇಳಿಸಿದ ಕೈ, ಭಾರ ಅನ್ನಿಸಲಿಲ್ಲ. ನೆಲಕ್ಕಿಟ್ಟು, ಗೋಡೆಗೆ ಮುಖ ಮಾಡಿ ತಿರುಗಿಸಿ ನಿಲ್ಲಿಸಿದಳು. ಹಜಾರದಲ್ಲಿ ಮಾತು ನಿಂತಿತು. ಮೌನ ಮೌನ ಎಂದಿದ್ದವಳಿಗೆ ಈಗ ಬೇಕಾದಷ್ಟು ಮೌನ ಸಿಕ್ಕಿತು. ಆಗ ಆ ಮುದುಕ ಮೇಸ್ತ್ರಿ, ಪಾಪ, ಕೆಡುಕು ಮನಸ್ಸಿನವನಲ್ಲ, ಬಗ್ಗಿ ಚಿತ್ರದ ಬೆನ್ನನ್ನು ಜೋರಾಗಿ ಓದಿದ. "ನೋಡಿದ್ದೇನೆ, ಅಡ್ಡಿಯಿಲ್ಲ. ಇದೇನಿದು, ಯಾರೋ ಸಹಿ ಮಾಡಿದ್ದಾರೆ?"

ಅಲ್ಲಿಯವರೆಗೆ ದೊಡ್ಡಕ್ಕನಿಗೆ ಹೇಸಿಗೆಯಾಗಿದ್ದು ಬಿಸ್ಕತ್ತು ತಿನ್ನುವವರ ಮೇಲೆ, ಗಡ್ಡದವನ ಮೇಲೆ, ಅಳುಬುರುಕ ಚಿತ್ರಗಾರ್ತಿಯ ಮೇಲೆ. ತನ್ನ ಗುಂಡುಗುಂಡು ಅಕ್ಷರ ಕಂಡಾಗ ಅದೆಲ್ಲ ತಿರುಗಿ ಅವಳ ಮೇಲೇ ಬಿತ್ತು. ದಿಂಬಿನ ಮೇಲಿನ ಎರಡು ಅಕ್ಷರ ತೆಗೆಸಿದ ಮಹಾ ಜಾಣೆ. ಮನೆ ಚೆನ್ನಾಗಿದೆ ಎಂದ ಒಂದು ಮಾತಿಗೆ ಬಾಯಿ ಬಿಟ್ಟು ನಿಂತ ಮುದುಕಿ. ಮೆಟ್ಟಿಲಿಳಿದು ಬಸ್ಸಿಗೆ ನಡೆದಳು.

ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು, ಸಿಗದಿದ್ದರೆ ಚೆನ್ನಾಗಿತ್ತು. ಬರುವಾಗ ಬಟ್ಟೆಯ ನೆರಿಗೆ ಕೆಡದಂತೆ ನೋಡಿಕೊಳ್ಳುವುದರಲ್ಲೇ ಮುಳುಗಿದ್ದವಳಿಗೆ ಈಗ ಊರಿಡೀ ಕಂಡಿತು. ಔಷಧಿ ಅಂಗಡಿಯ ಮುಂದಿನ ಕಂಬದಲ್ಲಿ ಟೈಲರಮ್ಮನ ಮಂಚ. ಪೆಟ್ರೋಲ್ ಬಂಕಿನ ಮುಂದಿನ ಕಂಬದಲ್ಲಿ ಟೈಲರಮ್ಮನ ಮಂಚ. ಶಾಲೆ, ಬ್ಯಾಂಕು, ಕೋಳಿಯಂಗಡಿ, ಎಲ್ಲೆಲ್ಲೂ ಆ ತಿಳಿಬಿಸಿಲು, ಅದರ ಮೇಲೆ ಕೆಂಪಕ್ಷರದಲ್ಲಿ ಪ್ರದರ್ಶನದ ಹೆಸರು, 'ಆಸರೆ'. ಊರಿಗೆ ಊರೇ ಅವಳ ಹಾಸಿಗೆಯನ್ನು ಇಣುಕಿ ನೋಡುತ್ತಿತ್ತು. ಎರಡನೇ ಬಸ್ಸು ತಿರುಗುವ ನಾಲ್ಕು ರಸ್ತೆಯಲ್ಲಿ ಒಂದು ಕಂಬಕ್ಕೆ ಮಾತ್ರ ಪೋಸ್ಟರಿರಲಿಲ್ಲ. ಅದನ್ನು ಕೆರೆದು ತೆಗೆದಿರಲಿಲ್ಲ, ಹರಿದೂ ಇರಲಿಲ್ಲ. ನಾಲ್ಕು ಮೂಲೆಯ ಅಂಟಿನ ಗುರುತು ಬಿಟ್ಟು, ಯಾರೋ ಜೋಪಾನವಾಗಿ ಇಡಿಯಾಗಿ ಬಿಡಿಸಿಕೊಂಡು ಹೋಗಿದ್ದರು. ದೊಡ್ಡಕ್ಕ ಮುಂದಿನ ಸೀಟಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಮನೆ ತಲುಪಿದಾಗ ಎರಡು ಗಂಟೆ. ಬೀದಿಯಲ್ಲಿ ಯಾರೂ ಇರಲಿಲ್ಲ. ಚಪ್ಪಲಿ ಬಿಡದೆ ಮೇಲೆ ಹತ್ತಿದಳು. ಟ್ರಸ್ಟಿಗೆ ಫೋನು ಮಾಡಬೇಕು, ಕಾರು ತರಿಸಬೇಕು, ಇವತ್ತು ಟೈಲರಮ್ಮನನ್ನು ಸಾಗಿಸಬೇಕು, ಮಿಕ್ಕ ಒಂಬತ್ತು ಜನರನ್ನು ಈ ವಾರದೊಳಗೆ. ಈ ಮನೆಯ ಕಥೆ ಮುಗಿದಂತೆಯೇ. ಅದನ್ನೆಲ್ಲ ಮಾಡಬಹುದು. ಆದರೆ ಬಿಸಿಲಿಗೆ ಮೈಯೊಡ್ಡಿ ಮಲಗಲು ಕಲಿತವಳಿಗೆ, ಏಳಮ್ಮಾ, ಗಂಟು ಕಟ್ಟು ಎಂದು ಹೇಳುವ ಬಾಯಿ ಎಲ್ಲಿಂದ ತರುವುದು? ಮೆಟ್ಟಿಲು ಹತ್ತುತ್ತ ನಾಲ್ಕಾರು ಬಗೆಯಲ್ಲಿ ಮಾತು ಜೋಡಿಸಿ ನೋಡಿದಳು. ಯಾವುದೂ ಹೊಂದಲಿಲ್ಲ.

ಗಂಟು ಆಗಲೇ ಕಟ್ಟಿತ್ತು. ಹೊಲಿಗೆಯಂತ್ರದ ತಲೆಯನ್ನು ಬಿಚ್ಚಿ ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿಟ್ಟಿತ್ತು. ಪರದೆ ಎಳೆದು ಪಿನ್ನು ಹಾಕಿದ್ದರಿಂದ ಕೋಣೆ ಹಗಲಲ್ಲೇ ಮಬ್ಬಾಗಿತ್ತು. ಹೊದಿಕೆ, ದಿಂಬು ಮಂಚದ ಮೇಲಿರಲಿಲ್ಲ, ಬಾಗಿಲ ಪಕ್ಕದ ನೆಲದ ಮೇಲಿದ್ದವು. ಟೈಲರಮ್ಮ ಮಂಚದ ಅಂಚಿನಲ್ಲಿ ಕೂತು ಯಾರದೋ ಅಂಗಿಗೆ ಗುಂಡಿ ಹಾಕುತ್ತಿದ್ದಳು, ಹೋಗುವ ಮುಂಚೆ ಕೈಲಿದ್ದ ಕೆಲಸ ಮುಗಿಸಿಬಿಡೋಣವೆಂದು.

"ಯಾರು ಹೇಳಿದ್ರು ನಿಂಗೆ?" ಎಂದಳು ದೊಡ್ಡಕ್ಕ.

"ಯಾರೂ ಹೇಳ್ಲಿಲ್ಲ ಅಕ್ಕಾ. ಮಂಗಳವಾರ ನೀವು ಕಾರ್ಡ್ ತಂದು ಎಲ್ರಿಗೂ ತೋರಿಸಿದ್ರಲ್ಲ, ಆಗ್ಲೇ ಕಂಡಿತ್ತು. ಅವನ ಜೊತೆ ಒಂಬತ್ತು ವರ್ಷ ಇದ್ದು ನಂಗೂ ಮೊದಲು ಕಂಬನೇ ಕಾಣೋದು."

ಮಂಗಳವಾರ. ದೊಡ್ಡಕ್ಕನ ಕಣ್ಣ ಮುಂದೆ ಬಂತು. ಕಾರ್ಡನ್ನು ಎತ್ತಿ ಹಿಡಿದುಕೊಂಡು ಊಟದ ಮನೆಯಲ್ಲಿ ಮದುವಣಗಿತ್ತಿಯ ಹಾಗೆ ಓಡಾಡಿದ್ದು, ನಮ್ಮ ಮನೆ ನೋಡ್ರೇ ಎಂದದ್ದು, ಇವಳು ಕಾರ್ಡನ್ನು ಹಿಡಿದು ನೋಡಿ "ಚೆನ್ನಾಗಿದೆ ಅಕ್ಕಾ" ಎಂದು ವಾಪಸ್ಸು ಕೊಟ್ಟದ್ದು. ಇವತ್ತು ಬೆಳಗ್ಗೆ ಇದೇ ಕೈ ತನ್ನ ಬಟ್ಟೆಗೆ ಇಸ್ತ್ರಿ ಹಾಕಿಕೊಟ್ಟದ್ದು.

"ನಾಲ್ಕು ದಿನ!" ದೊಡ್ಡಕ್ಕನ ದನಿ ಏರಿತು. ಬೆಳಗಿನಿಂದ ನುಂಗಿದ್ದೆಲ್ಲ ಆ ದನಿಯಲ್ಲಿ ಬಂತು. "ನಾಲ್ಕು ದಿನ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ಯಾ? ಒಂದು ಮಾತು ಹೇಳೋಕೆ ಏನಾಗಿತ್ತು ನಿಂಗೆ?"

ಟೈಲರಮ್ಮ ಥಟ್ಟನೆ ಎದ್ದು ನಿಂತಳು.

"ನೀವು ತುಂಬಾ ಖುಷಿಯಾಗಿದ್ರಿ ಅಕ್ಕಾ."

"ಖುಷಿಯಾಗಿದ್ರೆ?"

"ಖುಷಿಯಾಗಿರೋವಾಗ ಅಡ್ಡ ಮಾತು ಆಡಬಾರ್ದು. ಮನೆ ನಡೆಸೋರಿಗೆ ಬೇಜಾರಾದ್ರೆ ಆಮೇಲೆ ಎಲ್ರಿಗೂ ಕಷ್ಟ ಅಲ್ವಾ. ನಂಗೆ ಅದು ಗೊತ್ತಿರೋದೇ."

ದೂರಿನ ದನಿಯಲ್ಲಿ ಹೇಳಲಿಲ್ಲ. ಈ ಅಂಗಿಗೆ ಆರು ಗುಂಡಿ ಬೇಕು ಎನ್ನುವ ಹಾಗೆ ಹೇಳಿದಳು. ದೊಡ್ಡಕ್ಕ ಇನ್ನೇನೋ ಅನ್ನಲು ಬಾಯಿ ತೆರೆದವಳು, ಅವಳು ನಿಂತ ರೀತಿ ನೋಡಿ ಹಾಗೇ ಮುಚ್ಚಿದಳು. ಟೈಲರಮ್ಮ ಎದ್ದದ್ದು ಮರ್ಯಾದೆಗಲ್ಲ. ಇಬ್ಬರ ನಡುವೆ ಮಂಚ ಬರುವ ಹಾಗೆ ಆ ಕಡೆಗೆ ಸರಿದು ನಿಂತಿದ್ದಳು. ಮುರಿದು ಕೂಡಿದ ಎರಡು ಬೆರಳಿನ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದಳು. ಹಾಗಾದರೆ ಈ ಮನೆಯಲ್ಲೂ ಇಷ್ಟು ದಿನ ಅವಳು ಒಬ್ಬರ ಮುಖ ನೋಡಿಕೊಂಡೇ ಬದುಕಿದ್ದಳು.

ದೊಡ್ಡಕ್ಕನಿಗೆ ತನ್ನ ದನಿಯೇ ಹೇಸಿಗೆಯಾಯಿತು. ಒಳ್ಳೆಯ ಬಟ್ಟೆಯನ್ನೂ ಲೆಕ್ಕಿಸದೆ ಅಲ್ಲೇ ನೆಲಕ್ಕೆ ಕುಸಿದು ಕೂತಳು, ಅವಳಿಗಿಂತ ಕೆಳಗೆ ಇರಲಿ ಎಂದು. ಆಮೇಲೆ, ಆದಷ್ಟು ಮೆಲ್ಲಗೆ, ಕಾರು ಎಷ್ಟು ಹೊತ್ತಿಗೆ ಬರಲಿ ಎಂದು ಕೇಳಿದಳು.

"ನಿಮಗೆ ಅನುಕೂಲ ಆದಾಗ, ಅಕ್ಕಾ" ಎಂದಳು ಟೈಲರಮ್ಮ.